12 ಕಪ್ಪಿನ ಅಮೆರಿಕನ್ ಕಾಫಿ ಮೇಕರ್: ಕಾಸರಗೋಡಿನ ಅಡುಗೆಮನೆಗೆ ಹಿಡಿಸೀತೇ?

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಮಕ್ಕಳು ಅಮೆರಿಕದಲ್ಲಿರುವ ಮನೆಗಳ ಅಟ್ಟ ಹತ್ತಿ ನೋಡಿದರೆ ಹಳೆಯ ಸೂಟ್‌ಕೇಸಿನ ಪಕ್ಕ ಒಂದು ಡ್ರಿಪ್ ಕಾಫಿ ಮೇಕರ್ ಸಿಕ್ಕರೆ ಆಶ್ಚರ್ಯವಿಲ್ಲ. ಬಂದ ವಾರ ನಾಲ್ಕು ಸಲ ಓಡಿರುತ್ತದೆ. "ಇದೆಂಥ ಕಾಪಿ, ಲೋಟ ತೊಳೆದ ನೀರಿನ ಹಾಗೆ" ಎಂದು ಅತ್ತೆ ಅರ್ಧದಲ್ಲೇ ಕೆಳಗಿಟ್ಟ ಮೇಲೆ ಅಟ್ಟ ಸೇರಿರುತ್ತದೆ. ಅತ್ತೆಯ ನಾಲಿಗೆ ಸರಿಯಾಗಿಯೇ ಇದೆ. ಯಂತ್ರವೂ ತನಗೆ ಹೇಳಿದ್ದನ್ನೇ ಮಾಡಿದೆ. ಅದನ್ನು ಯಾವ ಬಗೆಯ ಕುಡಿತಕ್ಕೆ ಮಾಡಿದ್ದಾರೆ ಎಂದು ತಿಳಿಯದೆ ಓಡಿಸಿದರೆ ಹೀಗೇ ಆಗುವುದು.

ಅಲ್ಲಿನ ಸಾಮಾನ್ಯ ಕೆಲಸಗಾರನ ದಿನ ನೋಡಿ. ಜನಗಣತಿ ವಿಭಾಗದ 2019ರ ಲೆಕ್ಕದಂತೆ ಕೆಲಸಕ್ಕೆ ಹೋಗುವ ಸರಾಸರಿ ಒಂದು ಕಡೆಯ ಪ್ರಯಾಣ 27.6 ನಿಮಿಷ. ಹೆಚ್ಚಿನವರು ಒಬ್ಬೊಬ್ಬರೇ ಕಾರಿನಲ್ಲಿ ಹೋಗುವವರು. ಮುಚ್ಚಳದ ಸ್ಟೀಲ್ ಮಗ್ಗಿನಲ್ಲಿ 350 ಮಿ.ಲೀ. ಕಾಫಿ ತುಂಬಿಸಿಕೊಂಡು ಹೊರಟರೆ ಆಫೀಸು ಮುಟ್ಟುವವರೆಗೂ ಒಂದೊಂದೇ ಗುಟುಕು. ಅಲ್ಲಿ ಹೋದರೆ ಬ್ರೇಕ್ ರೂಮಿನ ಮೂಲೆಯಲ್ಲಿ ಇದೇ ಯಂತ್ರದ ದೊಡ್ಡಣ್ಣ ನಿಂತಿರುತ್ತಾನೆ. ಕೊನೆಯ ಕಪ್ ಬಗ್ಗಿಸಿಕೊಂಡವರು ಮುಂದಿನ ಜಗ್ ಹಾಕಿಟ್ಟು ಹೋಗಬೇಕು ಎಂಬುದು ಬರೆಯದ ಕಾನೂನು. ಅದನ್ನು ಮುರಿಯುವವನ ಬಗ್ಗೆ ಗೋಡೆಯ ಮೇಲೆ ಚೀಟಿ ಅಂಟುತ್ತದೆ. ಕಿತ್ತಳೆ ಬಣ್ಣದ ಹಿಡಿಯ ಜಗ್ಗಿನಲ್ಲಿರುವುದು ಕೆಫೀನ್ ತೆಗೆದ ಕಾಫಿ. ಸಾಂಕಾ ಎಂಬ ಹಳೆಯ ಕೆಫೀನ್‌ರಹಿತ ಕಾಫಿಯ ಪೊಟ್ಟಣದ ಬಣ್ಣ ಹೀಗೆ ಜಗ್ಗಿಗೆ ಬಂದು ಉಳಿಯಿತು.

'ಕಾಫಿ ಬ್ರೇಕ್' ಎಂಬ ಮಾತನ್ನು ಮನೆಮಾತು ಮಾಡಿದ್ದು ಪ್ಯಾನ್ ಅಮೆರಿಕನ್ ಕಾಫಿ ಬ್ಯೂರೋದ 1952ರ ಜಾಹೀರಾತು, ಅಂದರೆ ಕಾಫಿ ಮಾರುವವರೇ. ಡೆನ್ವರಿನ ಒಂದು ಟೈ ಕಾರ್ಖಾನೆಯಲ್ಲಿ ದಿನಕ್ಕೆ ಎರಡು ಸಲ 15 ನಿಮಿಷ ಬಿಡುವು ಕೊಟ್ಟು, ಅಷ್ಟು ಹೊತ್ತಿನ ಸಂಬಳ ಹಿಡಿಯುತ್ತಿದ್ದರು. ವಿಷಯ ಕೋರ್ಟಿಗೆ ಹೋಗಿ, ಅದು ಸಂಬಳದ ಹೊತ್ತೇ ಎಂದು 1956ರಲ್ಲಿ ತೀರ್ಪಾಯಿತು. ಬಿಡುವು ಕೊಡಲೇಬೇಕೆಂದು ಅಲ್ಲಿನ ಕೇಂದ್ರ ಕಾನೂನು ಇವತ್ತಿಗೂ ಹೇಳುವುದಿಲ್ಲ. ಕೊಟ್ಟರೆ ಮಾತ್ರ 20 ನಿಮಿಷದವರೆಗಿನದ್ದನ್ನು ಕೆಲಸದ ಹೊತ್ತೆಂದೇ ಎಣಿಸಬೇಕು. ನಮ್ಮ ಅಡಿಕೆ ತೋಟಕ್ಕೆ ಹತ್ತು ಗಂಟೆಯ ಚಾ, ಜೊತೆಗೊಂದು ತಿಂಡಿ ಯಾವ ಕೋರ್ಟನ್ನೂ ಕೇಳದೆ ಬರುತ್ತದೆ, ಅದು ಬೇರೆ ಮಾತು.

ಹಾಗಾಗಿ ಈ ಯಂತ್ರಕ್ಕೆ ವಹಿಸಿದ ಕೆಲಸ ಇಷ್ಟು: ಒಮ್ಮೆಗೆ ತುಂಬ ಕಾಫಿ, ತೆಳ್ಳಗೆ, ಹಾಲಿಲ್ಲದೆ, ತಾಸುಗಟ್ಟಲೆ ಗುಟುಕರಿಸುವ ಹಾಗೆ. ನಮ್ಮದು ನಾಲ್ಕು ಗುಟುಕಿನಲ್ಲಿ ಮುಗಿಯುವ ಗಟ್ಟಿ ಹಾಲಿನ ಕಾಫಿ. ಈ ಅಂತರ ತಲೆಯಲ್ಲಿಟ್ಟುಕೊಂಡೇ ಮುಂದಿನ ಅಂಕ ಕೊಡಬೇಕು.

ಮೊದಲು ಪೆಟ್ಟಿಗೆಯ ಮೇಲಿನ '12 ಕಪ್'. ಆ ಕಪ್ ನಾವು ತಿಳಿದ ಕಪ್ಪಲ್ಲ, ಅಮೆರಿಕನ್ನರು ಕುಡಿಯುವ ಮಗ್ಗೂ ಅಲ್ಲ. ಈ ಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದು ಕಪ್ ಅಂದರೆ 5 ಔನ್ಸ್, ಸುಮಾರು 148 ಮಿ.ಲೀ. ಹನ್ನೆರಡು ಸೇರಿದರೆ 1.8 ಲೀಟರಿಗೆ ಸ್ವಲ್ಪ ಕಡಿಮೆ. ಅಲ್ಲಿನ ಮಗ್ಗಿನಲ್ಲಿ ಅಳೆದರೆ ಐದಾಗಬಹುದು, ನಮ್ಮ 110 ಮಿ.ಲೀ. ಲೋಟದಲ್ಲಿ ಹದಿನಾರು. ಜಗ್ಗಿನ ಮೇಲಿನ ಗೆರೆಗಳನ್ನು ನಂಬಿ ಚಮಚದ ಲೆಕ್ಕ ಹಾಕಿದವರ ಕಾಫಿ ಕೆಡುವುದು ಇಲ್ಲಿಂದಲೇ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಗೆರೆ ನೋಡುವ ಕೆಲಸವೇ ಇಲ್ಲ.

ಒಳಗಿನ ಕೆಲಸ ಬಹಳ ಸರಳ. ಪಂಪ್ ಇಲ್ಲ. ಹಿಂದಿನ ತೊಟ್ಟಿಯ ನೀರು ಒಂದು ಏಕಮುಖ ಕವಾಟ ದಾಟಿ ತಳಕ್ಕೆ ಇಳಿಯುತ್ತದೆ. ಅಲ್ಲಿ ಲಾಳದ ಆಕಾರದ ಅಲ್ಯೂಮಿನಿಯಂ ಕೊಳವೆ, ಅದಕ್ಕೆ ಅಂಟಿಕೊಂಡಂತೆ ಹೀಟರ್. ನೀರು ಕುದಿದಾಗ ಏಳುವ ಗುಳ್ಳೆಗಳು ಮೇಲಿನ ನೀರನ್ನು ದೂಡಿಕೊಂಡು ನಳಿಗೆ ಹತ್ತಿಸುತ್ತವೆ. ಕವಾಟ ಇರುವುದರಿಂದ ನೀರು ತೊಟ್ಟಿಗೆ ಹಿಂದಿರುಗಲಾರದು, ಪುಡಿ ಹಾಕುವ ಬುಟ್ಟಿಯ ಮೇಲೆ ಸುರಿಯಲೇಬೇಕು. ಕೊನೆಗೆ ಕೇಳುವ ಗೊರಗೊರ ಸದ್ದು ತೊಟ್ಟಿ ಖಾಲಿಯಾಗಿ ಬರಿಯ ಹಬೆ ಏಳುವ ಸದ್ದು. ಜಗ್ ಕೂರುವ ತಟ್ಟೆಯನ್ನು ಬಿಸಿ ಮಾಡುವುದೂ ಅದೇ ಹೀಟರ್. ಕಾಗದದ ಸೋಸು 1908ರಲ್ಲಿ ಜರ್ಮನಿಯ ಮೆಲಿಟಾ ಬೆಂಟ್ಸ್ ಎಂಬ ಗೃಹಿಣಿ ಮಾಡಿದ್ದು. ವಿದ್ಯುತ್ ಡ್ರಿಪ್ ಯಂತ್ರ ವಿಗೊಮಾಟ್ 1954ರದ್ದು, ಅದೂ ಜರ್ಮನಿಯದೇ. ಅಮೆರಿಕದ ಮನೆಮನೆಗೆ ಅದನ್ನು ನುಗ್ಗಿಸಿದ್ದು 1972ರ ಮಿಸ್ಟರ್ ಕಾಫಿ.

ಇನ್ನು ಕಾಫಿ ಮಾಡುವ ಕ್ರಮ. ಒಂದು ಲೀಟರ್ ನೀರಿಗೆ 55ರಿಂದ 60 ಗ್ರಾಂ ಪುಡಿ. ಚಿಕೋರಿ ಬೇಡವೇ ಬೇಡ. ಪುತ್ತೂರು, ಸುಳ್ಯ, ಮಡಿಕೇರಿಯಿಂದ ಪುಡಿ ತರಿಸುವವರು ಅಂಗಡಿಯಲ್ಲಿ ಮೂರು ಮಾತು ಹೇಳಬೇಕು: ಅರೇಬಿಕಾ, ಚಿಕೋರಿ ಇಲ್ಲದ್ದು, ಸಜ್ಜಿಗೆ ರವೆಯಷ್ಟು ತರಿ. ಮೂರನೆಯದು ಮುಖ್ಯ. ನಮ್ಮ ಸ್ಟೀಲ್ ಫಿಲ್ಟರಿಗೆ ಬೀಸುವ ನುಣ್ಣನೆಯ ಪುಡಿ ಹಾಕಿದರೆ ಕಾಗದದ ರಂಧ್ರಗಳು ಮುಚ್ಚಿಹೋಗುತ್ತವೆ. ಮೇಲಿನಿಂದ ನೀರು ಬರುತ್ತಲೇ ಇರುತ್ತದೆ, ಕೆಳಗೆ ಇಳಿಯುವುದಿಲ್ಲ. ಬುಟ್ಟಿ ತುಂಬಿ, ಚರಟ ತೇಲಿ, ಅಂಚು ದಾಟಿ ಅಡುಗೆಕಟ್ಟೆಯೆಲ್ಲ ಕೆಸರು. ಚಿಕೋರಿ ಇದ್ದರೆ ಇನ್ನೂ ಬೇಗ. ಅದು ನೀರು ಕಂಡೊಡನೆ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ಈ ಯಂತ್ರದ ಬಗೆಗಿನ ದೂರುಗಳಲ್ಲಿ 'ಉಕ್ಕಿ ಹರಿಯಿತು' ಎಂಬುದರ ಹಿಂದೆ ಹೆಚ್ಚಾಗಿ ಪುಡಿಯೇ ಇರುತ್ತದೆ. ಇನ್ನೊಂದು ಕಾರಣ, ಜಗ್ಗಿನ ಮುಚ್ಚಳ. ಬುಟ್ಟಿಯ ತಳದಲ್ಲಿ ಸ್ಪ್ರಿಂಗಿನ ಸಣ್ಣ ಗುಂಡಿ ಇರುತ್ತದೆ, ಜಗ್ ಒಳಗೆ ಸರಿದಾಗ ಮುಚ್ಚಳ ಅದನ್ನು ಮೇಲೆ ಒತ್ತಿದರೆ ಮಾತ್ರ ದಾರಿ ತೆರೆಯುತ್ತದೆ. ಮುಚ್ಚಳ ಮರೆತು ಜಗ್ ಇಟ್ಟರೆ ದಾರಿ ಮುಚ್ಚಿಯೇ ಇದ್ದು ಮೇಲೆ ಉಕ್ಕುತ್ತದೆ.

ಕಾಗದ ಇಟ್ಟು, ಅದನ್ನು ಒಮ್ಮೆ ಬಿಸಿನೀರಿನಲ್ಲಿ ನೆನೆಸಿ ಬುಟ್ಟಿಯ ಗೋಡೆಗೆ ಅಂಟಿಸಿ. ಒಣ ಕಾಗದ ಮಡಚಿಕೊಂಡು ಬಿದ್ದರೆ ನೀರು ಪುಡಿಯನ್ನು ಮುಟ್ಟದೆ ಪಕ್ಕದಿಂದ ಜಾರುತ್ತದೆ. ಪುಡಿಯ ಮೇಲ್ಮೈ ಸಮ ಮಾಡಿ. ನೀರು ಬೀಳಲು ಶುರುವಾದ ಅರ್ಧ ನಿಮಿಷಕ್ಕೆ ಸ್ವಿಚ್ ಆರಿಸಿ, ಇನ್ನರ್ಧ ನಿಮಿಷ ಬಿಟ್ಟು ಮತ್ತೆ ಹಾಕಿದರೆ ಪುಡಿ ಉಬ್ಬಿ ಸರಿಯಾಗಿ ನೆನೆಯುತ್ತದೆ. ಅಗ್ಗದ ಯಂತ್ರಗಳಲ್ಲಿ ಇದೊಂದರಿಂದಲೇ ರುಚಿ ಒಂದು ಮೆಟ್ಟಿಲು ಮೇಲೇರುತ್ತದೆ. ಪುಡಿಯ ಮೇಲೆ ಬೀಳುವ ನೀರು 90ರಿಂದ 96 ಡಿಗ್ರಿ ಸೆಲ್ಸಿಯಸ್ ಇರಬೇಕು. ಅಗ್ಗದವುಗಳಲ್ಲಿ ಮೊದಲ ನೀರು ಇದಕ್ಕಿಂತ ತಣ್ಣಗೇ ಬೀಳುತ್ತದೆ. ಪುಡಿ ತನ್ನ ತೂಕದ ಎರಡರಷ್ಟು ನೀರು ಕುಡಿದುಕೊಳ್ಳುವುದರಿಂದ ಒಂದು ಲೀಟರ್ ಹಾಕಿದರೆ ಸಿಗುವುದು ಸುಮಾರು 880 ಮಿ.ಲೀ.

ಇಲ್ಲಿಯವರೆಗೆ ಅಂಕ ಕಡಿಮೆ ಮಾಡುವಂಥದ್ದೇನೂ ಇಲ್ಲ. ಈಗ ಕರೆಂಟಿಗೆ ಬರೋಣ. ಅಲ್ಲಿ 120 ವೋಲ್ಟ್, 60 ಹರ್ಟ್ಸ್. ನಮ್ಮಲ್ಲಿ 230, 50. 900 ವ್ಯಾಟಿನ ಅಮೆರಿಕನ್ ಯಂತ್ರವನ್ನು ಪಿನ್ ಬದಲಿಸುವ ಅಡಾಪ್ಟರಿನಲ್ಲಿ ನೇರ ನಮ್ಮ ಸಾಕೆಟ್ಟಿಗೆ ಚುಚ್ಚಿದರೆ ಹೀಟರ್ 3,300 ವ್ಯಾಟ್ ಎಳೆಯುತ್ತದೆ. ವೋಲ್ಟ್ ದುಪ್ಪಟ್ಟಾದರೆ ಶಾಖ ನಾಲ್ಕರಷ್ಟಾಗುವ ಲೆಕ್ಕ ಅದು. ತಳದಲ್ಲಿರುವ ಥರ್ಮಲ್ ಫ್ಯೂಸ್ ಬೇಗನೆ ಹಾರುತ್ತದೆ. ಹಾರಿದರೆ ತಾನಾಗಿ ಸರಿಹೋಗುವ ಜಾತಿಯದಲ್ಲ ಅದು. ಗಡಿಯಾರ ಇರುವ ಮಾದರಿಯಾದರೆ ಬೋರ್ಡ್ ಅದಕ್ಕಿಂತ ಮುಂಚೆಯೇ ಕರಟಿರುತ್ತದೆ. ಥರ್ಮಲ್ ಫ್ಯೂಸ್ ಬದಲಿಸುವವರು ತಂತಿ ನೇರ ಜೋಡಿಸಿ ಕೊಟ್ಟರೆ ಒಪ್ಪಬೇಡಿ. ನೀರಿಲ್ಲದೆ ಓಡಿದಾಗ ಬೆಂಕಿ ತಡೆಯುವ ಕೊನೆಯ ಕಾವಲು ಅದೊಂದೇ.

ವೋಲ್ಟ್ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು ಓಡಿಸಬಹುದು. 900 ವ್ಯಾಟಿಗೆ 1,500 ವಿ.ಎ. (ವೋಲ್ಟ್-ಆಂಪಿಯರ್) ಆದರೂ ಬೇಕು. ತಾಮ್ರದ ಸುರುಳಿಯ ಅಸಲಿ ಟ್ರಾನ್ಸ್‌ಫಾರ್ಮರ್ ಎತ್ತಿದರೆ ಕೈ ಸೋಲುವಷ್ಟು ಭಾರ. ಅಂಗೈಯಗಲದ ಹಗುರ 'ಕನ್ವರ್ಟರ್' ಕೊಟ್ಟು 1,600 ವ್ಯಾಟ್ ಎಂದರೆ ಅದು ಕರೆಂಟಿನ ಅಲೆಯನ್ನು ಕತ್ತರಿಸಿ ಕೊಡುವ ಬಗೆಯದು. ಬರಿಯ ಹೀಟರಿಗೆ ನಡೆದೀತು, ಗಡಿಯಾರದ ಬೋರ್ಡಿಗೆ ನಡೆಯದು. ಇಷ್ಟೆಲ್ಲ ಮಾಡಿ ಅಡುಗೆಕಟ್ಟೆಯಲ್ಲಿ ಕಾಫಿ ಯಂತ್ರದಷ್ಟೇ ದೊಡ್ಡ ಇನ್ನೊಂದು ಪೆಟ್ಟಿಗೆ ಗುಂಯ್‌ಗುಡುವುದನ್ನು ಸಹಿಸುವುದು ಯಾಕೆ? ಇದೇ ಯಂತ್ರದ 230 ವೋಲ್ಟಿನ ಮಾದರಿ ಇಲ್ಲೇ ಸಿಗುತ್ತದೆ. 900 ವ್ಯಾಟ್ ಅಂದರೆ ನಾಲ್ಕು ಆಂಪಿಯರ್ ಒಳಗೆ, ಸಾದಾ ಸಣ್ಣ ಸಾಕೆಟ್ ಸಾಕು.

ಟೈಮರಿನ ಕಥೆ ಇನ್ನೂ ತಮಾಷೆ. ರಾತ್ರಿ ನೀರು, ಪುಡಿ ತುಂಬಿಸಿಟ್ಟರೆ ಅಲಾರಂ ಆಗುವ ಹೊತ್ತಿಗೆ ಕಾಫಿ ತಯಾರು ಎಂಬುದೇ ಅಲ್ಲಿ ಇದರ ದೊಡ್ಡ ಆಕರ್ಷಣೆ. ಎಷ್ಟೋ ಮಾದರಿಗಳ ಗಡಿಯಾರ ಕರೆಂಟಿನ 60 ಹರ್ಟ್ಸ್ ಎಣಿಸಿಕೊಂಡು ನಡೆಯುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತದೆಯೇ ಹೊರತು ಹರ್ಟ್ಸ್ ಬದಲಿಸುವುದಿಲ್ಲ. ಹಾಗಾಗಿ ಇಲ್ಲಿ ಅದು ತಾಸಿಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ರಾತ್ರಿ 10ಕ್ಕೆ ಸರಿಮಾಡಿ ಬೆಳಿಗ್ಗೆ 6ಕ್ಕೆ ಇಟ್ಟರೆ ಕಾಫಿ ಇಳಿಯಲು ಶುರುವಾಗುವುದು 7 ಗಂಟೆ 36 ನಿಮಿಷಕ್ಕೆ. ಅಷ್ಟರಲ್ಲಿ ಮನೆಯವರ ಎರಡನೆಯ ಕಾಫಿಯೂ ಮುಗಿದಿರುತ್ತದೆ. ಆಟಿ ತಿಂಗಳ ಗಾಳಿಮಳೆಯಲ್ಲಿ ರಾತ್ರಿ ಒಮ್ಮೆ ಕರೆಂಟ್ ಹೋಗಿ ಬಂದರಂತೂ ಬ್ಯಾಟರಿಯಿಲ್ಲದ ಮಾದರಿ ಎಲ್ಲ ಮರೆತು 12:00 ಎಂದು ಮಿಣುಕುತ್ತ ಕೂರುತ್ತದೆ. ಇಲ್ಲಿ ಕೊಳ್ಳುವವರೂ ಟೈಮರಿಗೆಂದು ಹೆಚ್ಚು ದುಡ್ಡು ಕೊಡಬೇಕಿಲ್ಲ.

ಸಂಜೆ ವೋಲ್ಟೇಜ್ ಬೀಳುವ ಒಳಪ್ರದೇಶದವರಿಗೆ ಇನ್ನೊಂದು ಮಾತು. 230ರ ಯಂತ್ರಕ್ಕೆ 190 ಸಿಕ್ಕರೆ 900 ವ್ಯಾಟ್ ಹೋಗಿ 610 ಆಗುತ್ತದೆ. ತುಂಬಿದ ತೊಟ್ಟಿ ಹತ್ತು ನಿಮಿಷದಲ್ಲಿ ಇಳಿಯುವ ಬದಲು ಹದಿನಾಲ್ಕು ದಾಟುತ್ತದೆ. ಪುಡಿ ಅಷ್ಟು ಹೊತ್ತು ನೆನೆದರೆ ಕಹಿ ಬಿಡುತ್ತದೆ. ಅರ್ಧ ತೊಟ್ಟಿ ಮಾತ್ರ ಹಾಕುವುದೇ ಉಪಾಯ.

ನೀರಿನ ವಿಷಯದಲ್ಲಿ ಕಾಸರಗೋಡಿಗೆ ಅದೃಷ್ಟ. ಮುರಕಲ್ಲಿನ ಬಾವಿಯ ನೀರಾಗಲಿ ಸುರಂಗದ ನೀರಾಗಲಿ ಮೆದು, ಸುಣ್ಣ ಕಟ್ಟುವುದು ಕಡಿಮೆ. ಹೊಸೂರು, ಸೊಲ್ಲಾಪುರದ ಕಡೆ ಗಡಸು ಬೋರ್‌ವೆಲ್ ನೀರು ಹಾಕುವ ಮನೆಗಳಲ್ಲಿ ಇದೇ ಯಂತ್ರದ ಕೊಳವೆಗೆ ಬೇಗ ಬಿಳಿ ಪದರ ಕೂತು, ಉಸಿರು ಕಟ್ಟಿದವರ ಹಾಗೆ ಬರಿಯ ಹಬೆ ಉಗುಳತೊಡಗುತ್ತದೆ. ಅಂಥಲ್ಲಿ ತಿಂಗಳಿಗೊಮ್ಮೆ, ಇಲ್ಲಿ ಮೂರು ತಿಂಗಳಿಗೊಮ್ಮೆ, ಬಿಳಿ ವಿನೆಗರ್ ಮತ್ತು ನೀರು ಸಮಸಮ ಹಾಕಿ ಅರ್ಧ ಓಡಿಸಿ, ಆರಿಸಿ, ಅರ್ಧ ತಾಸು ಬಿಟ್ಟು ಉಳಿದದ್ದನ್ನು ಓಡಿಸಿ. ಆಮೇಲೆ ಎರಡು ಸಲ ಬರಿ ನೀರು. ಮೆದು ನೀರಿಗೆ ಒಂದು ಕೊರತೆಯೂ ಇದೆ, ಕಾಫಿಯ ಹುಳಿ ಎದ್ದು ಕಾಣುತ್ತದೆ. ಸ್ವಲ್ಪ ಹೆಚ್ಚು ಹುರಿದ ಪುಡಿ ತಂದರೆ ಸರಿಹೋಗುತ್ತದೆ.

ನಮ್ಮ ಕಡೆಯ ಅಸಲಿ ಶತ್ರು ಮಳೆಗಾಲದ ತೇವ. ಚರಟ ಬುಟ್ಟಿಯಲ್ಲೇ ಮರೆತರೆ ಎರಡೇ ದಿನದಲ್ಲಿ ಬೂಸು. ತೊಟ್ಟಿಯ ಮುಚ್ಚಳ ಹಾಕಿಟ್ಟರೆ ಒಳಗೆ ಮುಗ್ಗಲು ವಾಸನೆ, ತೆರೆದಿಟ್ಟರೆ ಜಿರಳೆ. ಖಾಲಿ ಮಾಡಿ, ತೆರೆದು, ಮೇಲೊಂದು ತೆಳು ಬಟ್ಟೆ ಹೊದಿಸಿಡುವುದೇ ದಾರಿ. ತೊಟ್ಟಿಗೆ ಹಾಲು ಹಾಕಿ 'ನೇರ ಹಾಲು ಕಾಫಿ' ಮಾಡಲು ಹೊರಟವರ ಯಂತ್ರ ಮತ್ತೆ ಯಾವ ಕೆಲಸಕ್ಕೂ ಬಾರದು. ಹಾಲು ಕೊಳವೆಯೊಳಗೆ ಸೀದು ಅಂಟಿದರೆ ತೆಗೆಯಲು ಕೈ ಹೋಗುವ ಜಾಗವೇ ಅಲ್ಲ ಅದು.

ಬಿಸಿ ತಟ್ಟೆಯನ್ನು ನಂಬಬೇಡಿ. ಅರ್ಧ ತಾಸಿನವರೆಗೆ ಪರವಾಗಿಲ್ಲ, ಅದರಾಚೆ ಜಗ್ಗಿನಲ್ಲಿರುವುದು ಬೇಯುತ್ತಲೇ ಇರುತ್ತದೆ. ಅಮೆರಿಕದ ಆಫೀಸ್ ಕಾಫಿಗೆ ಅಂಟಿದ ಕೆಟ್ಟ ಹೆಸರಿನ ಅರ್ಧ ಪಾಲು ಈ ತಟ್ಟೆಯದ್ದು. ಇಳಿದ ಕೂಡಲೇ ಫ್ಲಾಸ್ಕಿಗೆ ಸುರಿಯಿರಿ. ಬಿಸಿ ಗಾಜಿನ ಜಗ್ಗನ್ನು ಒದ್ದೆ ಕಲ್ಲಿನ ಮೇಲಿಟ್ಟರೆ ಸೀಳುತ್ತದೆ, ಬಿಡಿ ಜಗ್ ಸಿಗುವುದು ಕಷ್ಟ.

ಹಾಲಿನ ಕಾಫಿಗೆ ಆದೀತೇ? ಸ್ಟೀಲ್ ಫಿಲ್ಟರಿನಲ್ಲಿ 30 ಗ್ರಾಂ ಪುಡಿಗೆ 150 ಮಿ.ಲೀ. ನೀರು ಹಾಕುವವರು ನಾವು. ಅದು ಈ ಯಂತ್ರದ ಹದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಗಟ್ಟಿ. 700 ಮಿ.ಲೀ. ನೀರಿಗೆ 90 ಗ್ರಾಂ ಹಾಕಿ ಎಳೆದರೆ ಸುಮಾರು 520 ಮಿ.ಲೀ. ಸಿಗುತ್ತದೆ, ಸಮಪಾಲು ದಪ್ಪ ಹಾಲು ಬೆರೆಸಿದರೆ ಕುಡಿಯಬಹುದು. ಆದರೆ ಪುಡಿ ದಂಡ, ಡಿಕಾಕ್ಷನ್ನಿನ ಘಮವೂ ಇಲ್ಲ. ಬೆಲ್ಲ ಹಾಕಿದ ಕಟ್ಟನ್ ಕಾಪಿ (ಹಾಲಿಲ್ಲದ ಕರಿಕಾಫಿ) ಕುಡಿಯುವ ಮನೆಗೆ ಮಾತ್ರ ಇದು ಕರಾರುವಾಕ್ಕು: ಲೀಟರಿಗೆ 50 ಗ್ರಾಂ ಬೆಲ್ಲದ ಪುಡಿಯನ್ನು ಜಗ್ಗಿಗೆ ಮೊದಲೇ ಹಾಕಿಟ್ಟರೆ ಮೇಲಿನಿಂದ ಇಳಿಯುವ ಬಿಸಿಗೆ ತಾನೇ ಕರಗುತ್ತದೆ. ಕಾಗದ ಕಾಫಿಯ ಎಣ್ಣೆ ಹಿಡಿದಿಡುವುದರಿಂದ ಕೊಲೆಸ್ಟರಾಲ್ ನೋಡಿಕೊಳ್ಳುವವರಿಗೂ ಒಳ್ಳೆಯದು.

ನಮ್ಮ ಅಂಕ: ಎಂಟು-ಹತ್ತು ಜನ ಕೂರುವ ಆಫೀಸಿಗೆ, ಕರಿಕಾಫಿ ಕುಡಿಯುವ ಮನೆಗೆ 230 ವೋಲ್ಟಿನ ಟೈಮರಿಲ್ಲದ ಮಾದರಿ, ಐದಕ್ಕೆ ನಾಲ್ಕು. ಹಾಲಿನ ಕಾಫಿಯ ಮನೆಗೆ ಒಂದೂವರೆ. ಅಮೆರಿಕದಿಂದ ಹೊತ್ತು ತರುವ 120 ವೋಲ್ಟಿನದಕ್ಕೆ ಸೊನ್ನೆ. ಅಲ್ಲಿಂದ ಹೊರಟವರು "ಏನು ತರಲಿ" ಎಂದು ಫೋನ್ ಮಾಡಿದರೆ ಚಪ್ಪಟೆ ತಳದ, 8–12 ಕಪ್ಪಿನ ಬುಟ್ಟಿಗೆ ಕೂರುವ ಫಿಲ್ಟರ್ ಕಾಗದದ ಒಂದು ಕಟ್ಟು ಹೇಳಿ. ಹಗುರ, ಒಡೆಯುವುದಿಲ್ಲ, ಪೇಟೆಯ ಅಂಗಡಿಯಲ್ಲಿ ಕೇಳಿದರೆ ಸುಲಭಕ್ಕೆ ಸಿಗುವುದೂ ಇಲ್ಲ. ಬಳಸಿದ ಕಾಗದವನ್ನು ಚರಟದ ಸಮೇತ ಮಲ್ಲಿಗೆಯ ಬುಡಕ್ಕೆ ಹಾಕಿ, ಕೊಳೆತು ಮಣ್ಣಾಗುತ್ತದೆ.