ಹುಳು ಮನೆಯ ಬಿಸಿ ಅಳೆಯಲು ಜಿಗ್ಗೋ, ರಸ್ಟೋ?

ಜಿಗ್, ರಸ್ಟ್ ಎರಡೂ ಪ್ರೋಗ್ರಾಮಿಂಗ್ ಭಾಷೆಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜಿಗ್‌ಗೆ.

ಶಿಡ್ಲಘಟ್ಟದ ಹತ್ತಿರ ನಮ್ಮದೊಂದು ರೇಷ್ಮೆ ಹುಳು ಮನೆ ಇದೆ. ನಾಲ್ಕನೇ ಜ್ವರ (ಪೊರೆ ಕಳಚುವುದು) ಎದ್ದ ಹುಳುಗಳಿಗೆ 24-25 ಡಿಗ್ರಿ ಬೇಕು. ಬಿಸಿ ಜಾಸ್ತಿಯಾದರೆ ಗೂಡಿನ ತೂಕ ಇಳಿಯುತ್ತದೆ. ಅದಕ್ಕೇ ಪಿಕೊ ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡು ತಂದು, ಬಿಸಿ ಗ್ರಹಿಸುವ ಥರ್ಮಿಸ್ಟರ್ ಜೋಡಿಸಿದೆ. ಬೋರ್ಡು ಓದುವುದು 0ಯಿಂದ 4095ರವರೆಗಿನ ಒಂದು ಸಂಖ್ಯೆ. ಅದನ್ನು ಡಿಗ್ರಿ ಮಾಡಲು ಲಾಗರಿದಮ್ ಬೇಕು. ಆರ್‌ಪಿ2040 ಅನ್ನುವ ಇದರ ಚಿಪ್ಪಿನಲ್ಲಿ ದಶಮಾಂಶ ಲೆಕ್ಕಕ್ಕೆ ಹಾರ್ಡ್‌ವೇರೇ ಇಲ್ಲ. ಹಾಗಾಗಿ 4096 ಮನೆಗಳ ಅರೇಯನ್ನು (ಸಂಖ್ಯೆಗಳ ಟೇಬಲ್) ಕಂಪೈಲ್ ಮಾಡುವಾಗಲೇ, ಅಂದರೆ ಕೋಡನ್ನು ಚಿಪ್ಪಿನ ಭಾಷೆಗೆ ತಿರುಗಿಸುವಾಗಲೇ, ತುಂಬಿಸಿ ಫ್ಲ್ಯಾಶ್‌ನಲ್ಲಿ ಇಡುವುದು ಒಳ್ಳೆಯದು. ಬರೀ 8 ಕೆಬಿ.

ರಸ್ಟ್‌ನಲ್ಲಿ ತಲೆನೋವು ಶುರುವಾಗಿದ್ದೇ ಇಲ್ಲಿ. ಕಂಪೈಲ್ ಮಾಡುವಾಗಲೇ ಓಡಬಲ್ಲ ಕಾನ್ಸ್ಟ್ ಫಂಕ್ಷನ್ ಒಳಗೆ ಫಾರ್ ಲೂಪ್ ಹಾಕಿದರೆ ಒಪ್ಪುವುದಿಲ್ಲ, ವೈಲ್ ಬರೆಯಬೇಕು. ಹೋಗಲಿ, ಬರೆದೆ. ದಶಮಾಂಶ ಕೂಡುವುದು, ಗುಣಿಸುವುದು ರಸ್ಟ್ 1.82 ಆವೃತ್ತಿಯಿಂದ ನಡೆಯುತ್ತದೆ. ಆದರೆ ಲಾಗರಿದಮ್ ಕರೆದರೆ ಅದು ಕಾನ್ಸ್ಟ್ ಅಲ್ಲ ಅನ್ನುತ್ತದೆ. ಇನ್ನುಳಿದ ದಾರಿ ಏನು? ಲಾಗರಿದಮ್ಮನ್ನು ನಾನೇ ಸರಣಿ ಕೂಡಿಸಿ ಬರೆಯಬೇಕು, ಇಲ್ಲವೇ ಟೇಬಲ್ ಹುಟ್ಟಿಸಲು ಬಿಲ್ಡ್ ಸ್ಕ್ರಿಪ್ಟ್ ಅಂತ ಇನ್ನೊಂದು ಪ್ರೋಗ್ರಾಮ್ ಇಡಬೇಕು. ಒಂದು ಟೇಬಲ್‌ಗೆ ಎರಡು ಪ್ರೋಗ್ರಾಮ್! ಹಾಗಿದ್ದರೆ ಸಿ ಭಾಷೆಯಲ್ಲಿ ಪೈಥಾನ್‌ನಿಂದ ಸಂಖ್ಯೆಗಳನ್ನು ತಂದು ಅಂಟಿಸುವ ಹಳೇ ಪದ್ಧತಿ ಏನು ತಪ್ಪು ಮಾಡಿತ್ತು? ಜೊತೆಗೆ ಅರೇ ಅಳತೆಯನ್ನು ಎನ್ ಅಂತ ಜೆನೆರಿಕ್ ಮಾಡಬಹುದು (ಬೇಕಾದ ಅಳತೆಯನ್ನು ಬಳಸುವಾಗ ಕೊಡಬಹುದು), 2021ರಿಂದ ಇದೆ. ಅದರ ಎರಡರಷ್ಟು ಉದ್ದದ ಅರೇ ಕೇಳಿದರೆ ಮಾತ್ರ ಸ್ಟೇಬಲ್ ಕಂಪೈಲರ್ ಮುಖ ತಿರುಗಿಸುತ್ತದೆ.

ಜಿಗ್‌ನಲ್ಲಿ ಮಾಮೂಲಿ ಕೋಡೇ ಕಂಪೈಲ್ ಮಾಡುವಾಗ, ಅಂದರೆ ಕಂಪ್‌ಟೈಮ್‌ನಲ್ಲೂ ಓಡುತ್ತದೆ, ಲಾಗರಿದಮ್ ಸಮೇತ. ಒಂದೇ ತಕರಾರು: 1000 ಸುತ್ತು ದಾಟಿದರೆ ನಿಲ್ಲಿಸುತ್ತದೆ. ಮಿತಿ ಏರಿಸಲು ಒಂದು ಸಾಲು ಸಾಕು. ನನಗೆ ತುಂಬಾ ಹಿಡಿಸಿದ್ದು ಯು12 ಅನ್ನುವ 12 ಬಿಟ್‌ನ ಟೈಪ್. ಅದರಲ್ಲಿ 4095ಕ್ಕಿಂತ ದೊಡ್ಡ ಸಂಖ್ಯೆ ಕೂರುವುದೇ ಇಲ್ಲ. ಅಂದಮೇಲೆ ಅರೇ ಆಚೆಗೆ ಕೈ ಹೋಗುವ ಮಾತೇ ಇಲ್ಲ, ಅಲ್ವಾ?

ದಾಖಲೆ, ಲೈಬ್ರರಿಗಳಲ್ಲಿ ರಸ್ಟ್ ಬಹಳ ಮುಂದು. ಜಿಗ್ ಇನ್ನೂ 1.0 ಆಗಿಲ್ಲ, ಹೊಸ ಆವೃತ್ತಿ ಬಂದರೆ ಹಳೇ ಕೋಡ್ ಮುರಿಯುತ್ತದೆ. ನಾನು ಸುಮ್ನೆ ಒಂದು ಆವೃತ್ತಿ ಹಿಡಿದು ಕೂತಿದ್ದೇನೆ. ಬರೆಯುವವನೂ ನಾನೇ, ಓದುವವನೂ ನಾನೇ, ಅದೂ ರಾತ್ರಿ ಸೊಪ್ಪು ಹಾಕಿದ ಮೇಲೆ. ನಾಲ್ಕು ಜನ ಸೇರಿ ವರ್ಷಗಟ್ಟಲೆ ನೋಡಿಕೊಳ್ಳುವ ಕೋಡ್ ಆಗಿದ್ದರೆ ರಸ್ಟ್ ತಗೊಳ್ಳಿ, ಬಿಲ್ಡ್ ಸ್ಕ್ರಿಪ್ಟ್ ಸಹಿಸಿಕೊಳ್ಳಿ.