ನಕಲಿ ಮಾಲಿಗೆ ರಿಫಂಡ್: ಆ್ಯಪ್, 1915, ಬ್ಯಾಂಕ್, ಗ್ರಾಹಕ ಆಯೋಗ

ಡೂಪ್ಲಿಕೇಟ್ ಮಾಲು ಬಂದಾಗ ಇರುವ ನಾಲ್ಕು ದಾರಿಗಳನ್ನೂ ನೋಡಿದ್ದೇನೆ. ಒಂದು 256 ಜಿಬಿ ಮೆಮೊರಿ ಕಾರ್ಡ್, ಯುಪಿಐನಲ್ಲಿ ಕೊಂಡದ್ದು. ಇನ್ನೊಂದು ಒಳ್ಳೆ ಕಂಪನಿಯ ಹೆಸರಿದ್ದ ಇಯರ್‌ಬಡ್ಸ್, ಕ್ರೆಡಿಟ್ ಕಾರ್ಡಿನಲ್ಲಿ. ಮೂರನೆಯದು ಅಣ್ಣನ ಫೋನು. ಚಿಕ್ಕ ಮೊತ್ತಕ್ಕೆ ನನ್ನ ಓಟು 1915 ಸಹಾಯವಾಣಿಗೆ, ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿಗೆ.

ಮೊದಲು, ಮಾಲು ತರಿಸಿದ ಶಾಪಿಂಗ್ ಆ್ಯಪ್. ರಿಟರ್ನ್ ಅವಧಿ ಇನ್ನೂ ಇದ್ದರೆ ಇದರಷ್ಟು ಸಲೀಸು ಬೇರೆ ಇಲ್ಲ. ಆದರೆ ಎಷ್ಟೋ ಮಾಲಿಗೆ ಬದಲಿ ಮಾತ್ರ ಕೊಡುತ್ತಾರೆ, ದುಡ್ಡಿಲ್ಲ. ಅದೇ ಅಂಗಡಿಯವನಿಂದ ಇನ್ನೊಂದು ನಕಲಿ ತರಿಸಿಕೊಂಡು ಏನು ಮಾಡೋದು? ಚಾಟ್‌ನಲ್ಲಿ ಗುದ್ದಾಡುವುದು ಸುಮ್ನೆ ವೇಸ್ಟ್. ಅದರ ಬದಲು ಆ್ಯಪಿನ ಕೆಳಗೆಲ್ಲೋ ಮೂಲೆಯಲ್ಲಿ ಗ್ರೀವೆನ್ಸ್ ಆಫೀಸರ್ (ದೂರು ನೋಡುವ ಅಧಿಕಾರಿ) ಅಂತ ಹೆಸರು, ಇಮೇಲ್ ಇರುತ್ತದೆ, ಅಲ್ಲಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಅವರು 48 ಗಂಟೆಯೊಳಗೆ ದೂರು ತಲುಪಿದೆ ಎಂದು ಹೇಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ನಕಲಿ ಮಾಲನ್ನು ವಾಪಸ್ ತಗೊಳ್ಳಲ್ಲ, ದುಡ್ಡು ಕೊಡಲ್ಲ ಅಂತ ಮಾರಾಟಗಾರ ಹೇಳುವ ಹಾಗಿಲ್ಲ ಅಂತಲೂ ಅದರಲ್ಲಿದೆ. ನನಗೆ ಅಲ್ಲಿಂದ ಬಂದದ್ದು ರೆಡಿಮೇಡ್ ಉತ್ತರ. ಆದರೂ ಆ ದೂರಿನ ಟಿಕೆಟ್ ನಂಬರ್ ಮುಂದೆ ಎಲ್ಲಾ ಕಡೆ ಬೇಕಾಯಿತು.

1915 ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ವೆಬ್‌ಸೈಟಿನಲ್ಲೂ ದೂರು ಹಾಕಬಹುದು, ಖರ್ಚಿಲ್ಲ. ಇವರಿಗೆ ಆದೇಶ ಮಾಡುವ ಅಧಿಕಾರ ಇಲ್ಲ, ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತಾರೆ ಅಷ್ಟೆ. ಆದರೆ ಚಾಟ್‌ನಲ್ಲಿ ಒಂದೇ ಸಾಲು ಗಿಣಿಪಾಠ ಒಪ್ಪಿಸುತ್ತಿದ್ದ ಕಂಪನಿಯಿಂದ ಇಲ್ಲಿ ದೂರು ಹೋದ ಮೇಲೆ ಒಬ್ಬ ಮನುಷ್ಯ ಫೋನ್ ಮಾಡಿದ! ಮೆಮೊರಿ ಕಾರ್ಡಿನ ದುಡ್ಡು ಬಂದದ್ದು ಹೀಗೆ. ಅದಕ್ಕೆ ಸಾಕ್ಷಿ ಕೂಡ ಗಟ್ಟಿ ಇತ್ತು ಅನ್ನಿ. ಎಚ್2ಟೆಸ್ಟ್‌ಡಬ್ಲ್ಯೂ ಅಂತ ಉಚಿತ ಸಾಫ್ಟ್‌ವೇರ್ ಇದೆ, ಕಾರ್ಡ್ ತುಂಬಾ ಡೇಟಾ ಬರೆದು ಮತ್ತೆ ಓದಿ ನೋಡುತ್ತದೆ. 256 ಅಂತ ತೋರಿಸುವ ಕಾರ್ಡಿನ ನಿಜವಾದ ಜಾಗ ಎಷ್ಟು ಅಂತ ಗೊತ್ತಾಗುತ್ತದೆ. ಆ ಸ್ಕ್ರೀನ್‌ಶಾಟ್ ನೋಡಿದ ಮೇಲೆ ವಾದಕ್ಕೆ ಏನೂ ಉಳಿಯಲಿಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ಮಾರಿ ದುಡ್ಡು ತಗೊಂಡು ನಾಪತ್ತೆಯಾದವನ ಕೇಸಿಗೆ ಮಾತ್ರ ಇದಲ್ಲ, ಸೈಬರ್ ವಂಚನೆಯ 1930ಕ್ಕೆ ತಡಮಾಡದೆ ಫೋನ್ ಮಾಡಿ.

ಬ್ಯಾಂಕಿನ ದಾರಿ ಅಂದರೆ ಚಾರ್ಜ್‌ಬ್ಯಾಕ್, ಕಾರ್ಡಿನಲ್ಲಿ ಕೊಟ್ಟ ದುಡ್ಡನ್ನು ಬ್ಯಾಂಕಿನ ಮೂಲಕ ವಾಪಸ್ ಕೇಳುವುದು. ಇದರಲ್ಲಿ ಕಾಗದದ ಕಾಟ ಜಾಸ್ತಿ. ಇಯರ್‌ಬಡ್ಸ್ ನಕಲಿ ಅಂತ ಫಾರ್ಮ್ ತುಂಬಿ ಕೊಟ್ಟರೆ 'ನಕಲಿ ಅಂತ ಹೇಳಿದ್ದು ಯಾರು' ಅಂತ ಕೇಳಿದರು. ಸರಿಯಾದ ಪ್ರಶ್ನೆಯೇ, ಅಲ್ವಾ? ವೀಸಾ ಕಾರ್ಡ್ ಕಂಪನಿಯ ನಿಯಮದಲ್ಲಿ ನಕಲಿ ಮಾಲಿನ ದೂರಿಗೆ ಬ್ರಾಂಡಿನ ಕಂಪನಿಯೋ ಪರಿಣತರೋ ಹಾಗೆ ಗುರುತಿಸಿರಬೇಕು, ನಮ್ಮ ಅನಿಸಿಕೆ ಸಾಲದು. ಸರ್ವಿಸ್ ಸೆಂಟರ್‌ನವರು ಸೀರಿಯಲ್ ನಂಬರ್ ನೋಡಿ 'ಇದು ನಮ್ಮದಲ್ಲ' ಅಂತ ಬಾಯಲ್ಲಿ ಹೇಳಿದರು, ಬರೆದು ಕೊಡಲು ಒಪ್ಪಲಿಲ್ಲ. ಡಬ್ಬಿಯ ಫೋಟೊ, ಬಿಲ್, ಸೀರಿಯಲ್ ನಂಬರ್ ಇಟ್ಟು ಕಂಪನಿಯ ಕಸ್ಟಮರ್ ಕೇರ್‌ಗೆ ಮೇಲ್ ಹಾಕಿದ ಮೇಲೆ ಒಂದು ಸಾಲಿನ ಉತ್ತರ ಬಂತು. ಅದನ್ನು ಲಗತ್ತಿಸಿದ ಮೇಲೆ ಕೇಸು ಮುಂದೆ ಹೋಗಿ ದುಡ್ಡು ಜಮೆಯಾಯಿತು. ಮಾಲು ಹೇಳಿದ ಹಾಗಿಲ್ಲ ಎಂಬ ಕಾರಣ ಹಾಕಲು ಬರುವುದಾದರೆ ಅದು ಇದಕ್ಕಿಂತ ಸುಲಭ. ಕ್ಯಾಶ್ ಆನ್ ಡೆಲಿವರಿಗೆ ಈ ದಾರಿಯೇ ಇಲ್ಲ.

ಅಣ್ಣನ ಫೋನು ದುಬಾರಿಯದು, ಅದಕ್ಕೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದೆವು. 5 ಲಕ್ಷದವರೆಗಿನ ಮಾಲಿಗೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ಮಾರಿದವನು ದೆಹಲಿಯಲ್ಲಿದ್ದರೂ ನಾವಿರುವ ಊರಲ್ಲೇ ದೂರು ಕೊಡಬಹುದು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ನಿಜವಾದ ಉಪಕಾರ ಅಂದರೆ ಇದೇ. ಎರಡು ವರ್ಷದೊಳಗೆ ಹಾಕಬೇಕು. ಆನ್‌ಲೈನಲ್ಲಿ ಇ-ಜಾಗೃತಿ ಪೋರ್ಟಲ್ ಇದೆ, ಫೈಲ್ ಅಪ್‌ಲೋಡ್ ಮಾಡುವಷ್ಟರಲ್ಲಿ ಸಾಕುಸಾಕಾಗುತ್ತದೆ. ಮೂರು ತಿಂಗಳಲ್ಲಿ ಮುಗಿಸಲು ನೋಡಬೇಕು ಅಂತ ಕಾಯ್ದೆ ಹೇಳುತ್ತದೆ, ಮಾಲನ್ನು ಲ್ಯಾಬಿಗೆ ಕಳಿಸಬೇಕಾದರೆ ಐದು. ನಮ್ಮದು ಆ ಗಡುವು ದಾಟಿಯಾಯಿತು, ಎದುರಿನವರು ಇನ್ನೂ ದಿನಾಂಕ ಕೇಳುತ್ತಲೇ ಇದ್ದಾರೆ. ರಿಫಂಡ್ ಜೊತೆಗೆ ಪರಿಹಾರ, ಖರ್ಚು ಎರಡನ್ನೂ ಕೇಳಿದ್ದೇವೆ, ಅದನ್ನು ಕೊಡಿಸುವ ಅಧಿಕಾರ ಈ ನಾಲ್ಕರಲ್ಲಿ ಇವರಿಗೆ ಮಾತ್ರ ಇರುವುದು.