ಮೆದು ಕಲ್ಲಿಗೆ ಈ ಟಂಬ್ಲರ್ ಆಗುತ್ತಾ?

ಮೊದಲೇ ಹೇಳಿಬಿಡುತ್ತೇನೆ. ಟಂಬ್ಲರ್ ಅಂದರೆ ಒರಟು ಕಲ್ಲನ್ನು ಪುಡಿ, ನೀರಿನ ಜೊತೆ ಬ್ಯಾರೆಲ್ಲಿನಲ್ಲಿ ದಿನಗಟ್ಟಲೆ ತಿರುಗಿಸಿ ನುಣುಪು ಮಾಡಿ ಹೊಳಪು ತರಿಸುವ ಯಂತ್ರ. ನನ್ನ ಈ ಯಂತ್ರ ಚೆನ್ನಾಗಿದೆ. ಅದರ ಜೊತೆ ಬರುವ ಪುಸ್ತಿಕೆ ಮಾತ್ರ ಮೆದು ಕಲ್ಲಿನ ಮಟ್ಟಿಗೆ ದಂಡ. ಅಗೇಟ್, ಜಾಸ್ಪರ್ ಥರದ ಗಟ್ಟಿ ಕಲ್ಲಷ್ಟೇ ಸಾಕು ಅನ್ನುವವರು ಇಲ್ಲಿಗೇ ಓದು ನಿಲ್ಲಿಸಿ, ಧೈರ್ಯವಾಗಿ ತೆಗೆದುಕೊಳ್ಳಬಹುದು. ಕ್ಯಾಲ್ಸೈಟ್, ಫ್ಲೋರೈಟ್, ಮ್ಯಾಲಕೈಟ್, ಸರ್ಪೆಂಟೈನ್ ಥರದ ಮೆದು ಕಲ್ಲಿನ ಮೇಲೆ ಮನಸ್ಸಿರುವವರಿಗೆ ಸ್ವಲ್ಪ ಜಾಸ್ತಿ ಹೇಳಬೇಕಿದೆ.

ಇದು ಮೇಜಿನ ಮೇಲೆ ಕೂರುವ ಚಿಕ್ಕ ಟಂಬ್ಲರ್. ಕಂಪನಿಯ ಹೆಸರು ಬೇಡ. ರಬ್ಬರ್ ಬ್ಯಾರೆಲ್, ಎರಡು ರೋಲರ್, ಒಂದು ಬೆಲ್ಟ್, ವೇಗಕ್ಕೆ ಮೂರು ಹಂತ, ದಿನದ ಲೆಕ್ಕದಲ್ಲಿ ಇಡುವ ಟೈಮರ್. ಬ್ಯಾರೆಲ್ಲಿಗೆ ಒಂದು ಕಿಲೋಗಿಂತ ತುಸು ಜಾಸ್ತಿ ಕಲ್ಲು ಹಿಡಿಯುತ್ತದೆ. ಪೆಟ್ಟಿಗೆಯಲ್ಲಿ ನಾಲ್ಕು ಪೊಟ್ಟಣ ಪುಡಿ, ಒಂದು ಚೀಲ ಒರಟು ಕಲ್ಲು, ಕಲ್ಲುಗಳ ನಡುವೆ ಮೆತ್ತೆಯ ಹಾಗೆ ಹಾಕುವ ಒಂದು ಹಿಡಿ ಪ್ಲಾಸ್ಟಿಕ್ ಹರಳು, ಒಂದು ಜರಡಿ. ರಬ್ಬರ್ ಬ್ಯಾರೆಲ್ ಅಂದರೆ ಸದ್ದು ಕಡಿಮೆ. ಬಾಗಿಲು ಹಾಕಿಕೊಂಡರೆ ಪಕ್ಕದ ಕೋಣೆಯಲ್ಲಿ ನಿದ್ದೆಗೇನೂ ತೊಂದರೆಯಿಲ್ಲ. ಮುಚ್ಚಳ ಸೋರುವುದಿಲ್ಲ, ಆದರೆ ಹಾಕುವ ಮುಂಚೆ ಅಂಚು ಒರೆಸಬೇಕು. ಒಂದು ಕಾಳು ಪುಡಿ ಅಲ್ಲಿ ಸಿಕ್ಕಿಕೊಂಡಿದ್ದರೂ ಬೆಳಿಗ್ಗೆ ಮೇಜಿನ ಮೇಲೆ ಬೂದು ಬಣ್ಣದ ಕೆಸರು.

ಈಗ ಪುಸ್ತಿಕೆಯ ವಿಚಾರ. ಅದರ ಪ್ರಕಾರ ಎಲ್ಲಾ ಕಲ್ಲಿಗೂ ಒಂದೇ ದಾರಿ. 60/90 ಗ್ರಿಟ್ (ಗ್ರಿಟ್ ಅಂದರೆ ಕಲ್ಲು ಸವೆಸುವ ಪುಡಿ, ಅಂಕಿ ದೊಡ್ಡದಾದಷ್ಟೂ ಪುಡಿ ಸಣ್ಣ) ಏಳು ದಿನ, 120/220 ಏಳು ದಿನ, 500 ಏಳು ದಿನ, ಆಮೇಲೆ ಪಾಲಿಶ್ ಏಳು ದಿನ. ಅಗೇಟಿಗೆ ಇದು ಸರಿಯಾದ ಲೆಕ್ಕ. ಅಗೇಟಿನ ಗಡಸುತನ ಮೋಹ್ಸ್ ಅಳತೆಯಲ್ಲಿ (1 ತೀರಾ ಮೆದು, 10 ತೀರಾ ಗಟ್ಟಿ) ಹತ್ತಿರ ಹತ್ತಿರ 7. ಮೊದಲ ಮೂರು ಪೊಟ್ಟಣದಲ್ಲಿರುವ ಸಿಲಿಕಾನ್ ಕಾರ್ಬೈಡ್ 9 ದಾಟುತ್ತದೆ. ಕ್ಯಾಲ್ಸೈಟ್ ಬರೀ 3, ಫ್ಲೋರೈಟ್ 4, ಮ್ಯಾಲಕೈಟ್ 3.5ರಿಂದ 4. ಇನ್ನೊಂದು ವಿಷಯ. 1812ರಲ್ಲಿ ಜರ್ಮನ್ ಖನಿಜತಜ್ಞ ಫ್ರೆಡ್ರಿಕ್ ಮೋಹ್ಸ್ ಮಾಡಿದ ಈ ಪಟ್ಟಿ ಯಾವುದು ಯಾವುದನ್ನು ಗೀಚುತ್ತದೆ ಅಂತ ಮಾತ್ರ ಹೇಳುತ್ತದೆ, ಎಷ್ಟು ಪಟ್ಟು ಗಟ್ಟಿ ಅಂತ ಹೇಳುವುದಿಲ್ಲ. 3ಕ್ಕೂ 7ಕ್ಕೂ ಇರುವ ನಿಜವಾದ ಅಂತರ ಅಂಕಿಯಲ್ಲಿ ಕಾಣುವುದಕ್ಕಿಂತ ದೊಡ್ಡದು. ಬ್ಯಾರೆಲ್ ಒಳಗೆ ಅದು ಚೆನ್ನಾಗಿ ಗೊತ್ತಾಗುತ್ತದೆ.

ಪುಸ್ತಿಕೆಯನ್ನು ಪರೀಕ್ಷೆ ಮಾಡೋಣ ಅಂತ ಬೇಕೆಂದೇ ಒಡೆದ ಕಿತ್ತಳೆ ಕ್ಯಾಲ್ಸೈಟ್ ಚೂರುಗಳನ್ನು ಅದು ಹೇಳಿದ ಹಾಗೆಯೇ ಹಾಕಿದೆ. ಹೆಬ್ಬೆರಳಿನ ಗಾತ್ರದ ತುಂಡು ಮೊದಲ ಹಂತ ಮುಗಿಯುವಷ್ಟರಲ್ಲಿ ಕಿರುಬೆರಳಿನ ಉಗುರಿನಷ್ಟಾಯಿತು. ಉಳಿದದ್ದೆಲ್ಲ ನೀರಲ್ಲಿ ಬಿಳಿ ರಾಡಿ. ನನ್ನ ತಮ್ಮ ಅಗೇಟ್ ಬಿಟ್ಟು ಬೇರೇನೂ ಮುಟ್ಟದವನು. ಬಗ್ಗಿ ನೋಡಿ, "ಅಕ್ಕಾ, ಇದು ಕರಗಿಹೋಗೋ ಕಲ್ಲು, ಇದಕ್ಯಾಕೆ ಇಷ್ಟು ಕಷ್ಟ?" ಅಂದ. ಮ್ಯಾಲಕೈಟಿನ ಹಸಿರು ಪಟ್ಟೆ, ಒಂದೇ ಫ್ಲೋರೈಟ್ ತುಂಡಲ್ಲಿ ನೇರಳೆಯೂ ಹಸಿರೂ ಪಕ್ಕಪಕ್ಕ ಇರುವುದು, ಇವೆಲ್ಲ ಅವನ ಅಗೇಟಲ್ಲಿ ಸಿಗುತ್ತಾ? ಅದಕ್ಕೇ ಕಷ್ಟ.

ಇಲ್ಲಿಂದ ಯಂತ್ರವನ್ನು ಹೊಗಳುತ್ತೇನೆ. ಈ ಯಂತ್ರದ ಬೆಲೆ ಇರುವುದು ವೇಗದ ಗುಂಡಿಯಲ್ಲಿ. ಬ್ಯಾರೆಲ್ ತಿರುಗುವಾಗ ಕಲ್ಲುಗಳು ಒಂದು ಬದಿಯಿಂದ ಮೇಲೇರಿ ಇನ್ನೊಂದು ಬದಿಗೆ ಜಾರಬೇಕು. ಜಾರಿದರೆ ಉಜ್ಜಾಟ, ಬಿದ್ದರೆ ಪೆಟ್ಟು. ಗಟ್ಟಿ ಕಲ್ಲು ನಾಲ್ಕು ಪೆಟ್ಟು ತಿಂದರೂ ಸುಮ್ನೆ ಇರುತ್ತದೆ. ಫ್ಲೋರೈಟ್ ಹಾಗಲ್ಲ. ಅದು ನಾಲ್ಕು ದಿಕ್ಕಿನಲ್ಲಿ ನುಣ್ಣಗೆ ಸೀಳುವ ಕಲ್ಲು, ಕ್ಯಾಲ್ಸೈಟ್ ಮೂರು ದಿಕ್ಕಿನಲ್ಲಿ. ಒಂದೇ ವೇಗದ ಹಳೆಯ ಮಾದರಿಗಳಲ್ಲಿ ಇವನ್ನು ಕಾಪಾಡಿಕೊಳ್ಳುವುದೇ ದೊಡ್ಡ ತಲೆನೋವು. ಇದರಲ್ಲಿ ಕೆಳಗಿನ ಹಂತಕ್ಕೆ ಇಟ್ಟರೆ ಒಳಗಿನ ಸದ್ದೇ ಬದಲಾಗುತ್ತದೆ. ಟಕಟಕ ಹೋಗಿ ಒಂದೇ ಸಮನೆ ಸರಸರ ಕೇಳುತ್ತದೆ. ಆ ಸರಸರ ಬರುವವರೆಗೆ ಮುಚ್ಚಳ ತೆಗೆದು ಪ್ಲಾಸ್ಟಿಕ್ ಹರಳು ಸೇರಿಸುತ್ತಾ ಹೋಗಿ. ಬ್ಯಾರೆಲ್ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆ ತುಂಬಿದ್ದರೆ ಎಷ್ಟು ನಿಧಾನ ತಿರುಗಿಸಿದರೂ ಕಲ್ಲು ಬೀಳುತ್ತದೆ. ಮುಕ್ಕಾಲು ತುಂಬಿದರೆ ಒಳ್ಳೆಯದು. ನೀರು ಮೇಲಿನ ಸಾಲಿನ ಕಲ್ಲಿಗಿಂತ ಒಂಚೂರು ಕೆಳಗೆ.

ಪೆಟ್ಟಿಗೆಯಲ್ಲಿ ಕೊಟ್ಟಿರುವ ಒಂದು ಹಿಡಿ ಹರಳು ಇದಕ್ಕೆ ಎಲ್ಲಿ ಸಾಕು? ಮೆದು ಕಲ್ಲಿಗೆ ಬ್ಯಾರೆಲ್ಲಿನ ಅರ್ಧದಷ್ಟಾದರೂ ಹರಳೇ ಇರಬೇಕು ಅನ್ನುವುದು ನನ್ನ ಲೆಕ್ಕ. ಬೇರೆ ಕೊಂಡೆ. ಒಂದು ಹಂತಕ್ಕೆ ಬಳಸಿದ ಹರಳು ಇನ್ನೊಂದಕ್ಕೆ ಬೇಡ. ಎಷ್ಟು ತೊಳೆದರೂ ಅದರ ಮೈಯಲ್ಲಿ ಹಳೆಯ ಗ್ರಿಟ್ ಕಚ್ಚಿಕೊಂಡಿರುತ್ತದೆ, ಪಾಲಿಶ್ ಹೊತ್ತಿಗೆ ಹೊರಬಂದು ಗೀರು ಎಳೆಯುತ್ತದೆ. ಡಬ್ಬಿಗಳ ಮೇಲೆ ನಂಬರ್ ಬರೆದಿಟ್ಟುಕೊಳ್ಳಿ.

ನಾನು ಈಗ ನಡೆಸುವ ಕ್ರಮ ಹೀಗಿದೆ. 60/90 ಪೊಟ್ಟಣ ಮುಟ್ಟುವುದೇ ಇಲ್ಲ, ಅದು ತಮ್ಮನಿಗೆ ಹೋಯಿತು. ತುಂಡು ತೀರಾ ಚೂಪಾಗಿದ್ದರೆ 120/220ರಿಂದ ಶುರು, ಅಂಚು ಆಗಲೇ ದುಂಡಗಿದ್ದರೆ ನೇರ 500. ಟೈಮರ್ ಒಂದು ದಿನಕ್ಕಿಂತ ಜಾಸ್ತಿ ಇಡುವುದಿಲ್ಲ. ದಿನಾ ತೆಗೆದು ನೋಡಬೇಕು, ಅದು ಬಿಟ್ಟು ಬೇರೆ ದಾರಿ ಇಲ್ಲ. ತೆಗೆದಾಗ ಒಳಗೆ ಕೂಡಿಕೊಂಡ ಗಾಳಿಯೂ ಹೊರಗೆ ಹೋಗುತ್ತದೆ, ಮುಚ್ಚಳ ಉಬ್ಬುವುದು ತಪ್ಪುತ್ತದೆ. ಪುಸ್ತಿಕೆಯಲ್ಲಿ "ಏಳು ದಿನ ಮುಚ್ಚಳ ತೆಗೆಯಬೇಡಿ" ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ಯಾಕೋ ಗೊತ್ತಿಲ್ಲ.

ನೋಡುವುದು ಅಂದರೆ ಭೂತಗನ್ನಡಿ ಹಿಡಿದು ನೋಡುವುದು. ಫ್ಲೋರೈಟನ್ನು ತೊಳೆದು, ದೀಪದ ಎದುರು ಹಿಡಿದು ನಿಧಾನವಾಗಿ ತಿರುಗಿಸಿ. ಒಂದು ಕೋನಕ್ಕೆ ಬಂದಾಗ ಒಳಗೆ ಬೆಳ್ಳಿ ತಗಡಿನ ಹಾಗೆ ಒಂದು ಪದರ ಫಕ್ಕನೆ ಹೊಳೆಯುತ್ತದೆ. ಕೆಲವೊಮ್ಮೆ ಅದರಲ್ಲಿ ಕಾಮನಬಿಲ್ಲಿನ ಬಣ್ಣವೂ ಇರುತ್ತದೆ. ನೋಡಲು ಚೆಂದ, ಆದರೆ ಅದು ಒಳಸೀಳು. ಮೈವರೆಗೆ ಬಂದಿದ್ದರೆ ಆ ತುಂಡನ್ನು ಆಚೆ ಇಡಿ. ಬ್ಯಾರೆಲ್ ಒಳಗೆ ಅದು ಅಲ್ಲೇ ಒಡೆಯುತ್ತದೆ, ಒಡೆದ ಚೂಪು ಅಂಚು ಮಿಕ್ಕ ಕಲ್ಲನ್ನೆಲ್ಲ ಗೀಚುತ್ತದೆ. ಅಂಚಿನಲ್ಲಿ ಬಿಳಿ ಬಿಳಿ ಚುಕ್ಕೆ ಕಂಡರೆ ಪೆಟ್ಟು ಬೀಳುತ್ತಿದೆ ಅಂತ ಅರ್ಥ. ಇನ್ನಷ್ಟು ಹರಳು ಹಾಕಿ. ಒಂದು ಚಮಚ ಸಕ್ಕರೆ ಹಾಕಿ ನೀರನ್ನು ಮಂದ ಮಾಡಿಕೊಳ್ಳುವವರೂ ಇದ್ದಾರೆ. ನಾನೂ ಮಾಡುತ್ತೇನೆ, ಪೆಟ್ಟು ಕಡಿಮೆಯಾಗುತ್ತದೆ. ಆದರೆ ಜಾಸ್ತಿ ದಿನ ಬಿಟ್ಟರೆ ಹುಳಿತು ವಾಸನೆ ಹೊಡೆಯುತ್ತದೆ.

ಜೊತೆಗೆ ಬಂದ ಒರಟು ಕಲ್ಲಿನ ಚೀಲದ ಮೇಲೆ ನನಗೆ ಸಿಟ್ಟಿದೆ. ಕ್ವಾರ್ಟ್ಜ್ ತುಂಡುಗಳ ಜೊತೆ ನೀಲಿ ಸೋಡಲೈಟನ್ನೂ ಹಾಕಿ ಕೊಟ್ಟಿದ್ದಾರೆ. ಸೋಡಲೈಟ್ 5.5ರಿಂದ 6. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಸೋಡಲೈಟ್ ಸವೆದು ಹಳ್ಳ ಬಿದ್ದು ಮಂಕಾಗುತ್ತದೆ. ಕೊಂಡವರು ತಮ್ಮ ಕೈಗುಣ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಚೀಲ ಸುರಿದು, ಉಕ್ಕಿನ ಚಾಕುವಿನಿಂದ ಕಾಣದ ಕಡೆ ಒಂದೊಂದನ್ನೂ ಗೀಚಿ. ಗೀರು ಬಿದ್ದದ್ದು ಒಂದು ಗುಂಪು, ಬೀಳದ್ದು ಇನ್ನೊಂದು. ಸೋಡಲೈಟ್ ಮಾತ್ರ ಚಾಕುವಿಗೂ ಸುಲಭಕ್ಕೆ ಬಗ್ಗುವುದಿಲ್ಲ, ಅದನ್ನು ನೀಲಿ ಬಣ್ಣ ನೋಡಿ ಕಣ್ಣಲ್ಲೇ ಗುರುತಿಸಿ ತೆಗೆದಿಡಿ.

ಪಾಲಿಶ್ ಪುಡಿ ಅಲ್ಯುಮಿನಿಯಂ ಆಕ್ಸೈಡ್. ಸರ್ಪೆಂಟೈನಿಗೆ ಅದರಿಂದ ಒಳ್ಳೆಯ ಹೊಳಪು ಬಂತು, ಫ್ಲೋರೈಟಿಗೂ ಪರವಾಗಿಲ್ಲ. ಕ್ಯಾಲ್ಸೈಟಿಗೆ ಮಾತ್ರ ಸಾಲಲಿಲ್ಲ. ಅಮೃತಶಿಲೆಗೆ ಹಾಕುವ ಟಿನ್ ಆಕ್ಸೈಡ್ ಬೇರೆ ತಂದು ಹಾಕಿದ ಮೇಲೆಯೇ ಅದು ಕಣ್ಣು ಬಿಟ್ಟದ್ದು. ಅಬ್ಸಿಡಿಯನ್ ಇಷ್ಟಪಡುವವರಿಗೆ ಗಾಜಿಗೆ ಹಾಕುವ ಸೀರಿಯಂ ಆಕ್ಸೈಡ್ ಒಳ್ಳೆಯದು, ಜ್ವಾಲಾಮುಖಿಯಿಂದ ಬಂದ ಆ ಕಲ್ಲೂ ಗಾಜೇ ಅಲ್ವಾ. ಹೊಳಪು ನಿಜವೋ ನೀರಿನದೋ ಅಂತ ತಿಳಿಯಬೇಕಾದರೆ ಒಂದನ್ನು ಪೂರ್ತಿ ಒಣಗಿಸಿ, ಇನ್ನೊಂದನ್ನು ಒದ್ದೆಯಾಗಿಯೇ ಪಕ್ಕದಲ್ಲಿಡಿ. ಎರಡೂ ಒಂದೇ ಥರ ಕಂಡರೆ ಕೆಲಸ ಆಯಿತು. ಕೊನೆಗೆ ಸೋಪಿನ ಚೂರು ಹಾಕಿದ ನೀರಲ್ಲಿ ಸ್ವಲ್ಪ ಹೊತ್ತು ತಿರುಗಿಸಿ ತೊಳೆಯಿರಿ. ಕ್ಯಾಲ್ಸೈಟಿಗೂ ಮ್ಯಾಲಕೈಟಿಗೂ ವಿನೆಗರ್ ಮುಟ್ಟಿಸಬೇಡಿ. ಎರಡೂ ಕಾರ್ಬೊನೇಟ್, ಹುಳಿಗೆ ನೊರೆ ಬಂದು ಹೊಳಪು ಹೋಗುತ್ತದೆ.

ಪುಸ್ತಿಕೆ ಹೇಳಲೇಬೇಕಿದ್ದು, ಹೇಳದೆ ಬಿಟ್ಟದ್ದು ಇನ್ನೂ ಇದೆ. ಮ್ಯಾಲಕೈಟಿನಲ್ಲಿ ತಾಮ್ರ ಇದೆ, ಅದರ ಹಸಿರು ಕೆಸರಿಗೆ ಬರಿಗೈ ಹಾಕಬೇಡಿ. ಕೆಲವು ಸರ್ಪೆಂಟೈನಲ್ಲಿ ಆಸ್ಬೆಸ್ಟಸ್ ನಾರು ಇರುತ್ತದೆ. ನಾರುನಾರಾಗಿ ಕಂಡ ತುಂಡನ್ನು ಮನೆಯೊಳಗೇ ತರಬೇಡಿ. ಯಾವ ಕಲ್ಲಿನ ಕೆಸರೇ ಆಗಲಿ, ಒಣಗಿ ದೂಳಾಗಲು ಬಿಡಬೇಡಿ. ಸಿಂಕಿಗೂ ಸುರಿಯಬೇಡಿ, ಪೈಪಿನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಬಕೆಟ್ಟಿನಲ್ಲಿ ತಂಗಲು ಬಿಟ್ಟು, ತಳದ ರಾಡಿಯನ್ನು ಹಸಿಯಿದ್ದಾಗಲೇ ಚೀಲಕ್ಕೆ ಹಾಕಿ ಕಸಕ್ಕೆ ಕೊಡಿ.

ಜಿಪ್ಸಂ ಜಾತಿಯ ಸೆಲೆನೈಟನ್ನು ಇದರಲ್ಲಿ ಹಾಕಬಹುದಾ? ಬೇಡ. ಗಡಸುತನ 2, ಮೇಲಾಗಿ ನೀರಿಗೆ ಚೂರುಚೂರೇ ಕರಗುತ್ತದೆ. ಅದಕ್ಕೆ ಸಣ್ಣ ಮರಳು ಕಾಗದವೂ ಕೈಯೂ ಸಾಕು.

ಯಂತ್ರದ ದೋಷ ಅಂತ ಹೇಳುವುದಿದ್ದರೆ ಎರಡು. ಕರೆಂಟ್ ಹೋಗಿ ಬಂದರೆ ಟೈಮರ್ ತಾನಾಗಿ ಮತ್ತೆ ಶುರುವಾಗುವುದಿಲ್ಲ, ಹೋಗಿ ಗುಂಡಿ ಒತ್ತಬೇಕು. ಹೆಚ್ಚುವರಿ ಬೆಲ್ಟ್ ಕೊಟ್ಟಿದ್ದಾರೆ, ಹೆಚ್ಚುವರಿ ಬ್ಯಾರೆಲ್ ಇಲ್ಲ. ಮೆದು ಕಲ್ಲಿನವರಿಗೆ ಪಾಲಿಶಿಗೆಂದೇ ಇನ್ನೊಂದು ಬ್ಯಾರೆಲ್ ಬೇಕೇ ಬೇಕು. 4ರ ಗಡಸಿನ ಕಲ್ಲಿನ ಮೇಲೆ ಹಳೆಯ ಗ್ರಿಟ್ಟಿನ ಒಂದು ಕಾಳು ಎಳೆಯುವ ಗೀರು ಬರಿಗಣ್ಣಿಗೇ ಕಾಣುತ್ತದೆ. ಯಂತ್ರಕ್ಕೆ ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಪುಸ್ತಿಕೆ, ಕಲ್ಲಿನ ಚೀಲ ಎರಡಕ್ಕೂ ಸೇರಿ ಒಂದು. ಪುಡಿ, ಕಲ್ಲು ಇಲ್ಲದೆ ಬರೀ ಯಂತ್ರ ಕೊಡುತ್ತಾರಾ ಅಂತ ಮೊದಲು ಕೇಳಿ ನೋಡಿ. ಕೊಟ್ಟರೆ ಅದನ್ನೇ ತೆಗೆದುಕೊಂಡು, ಉಳಿದ ದುಡ್ಡನ್ನು ಎರಡನೇ ಬ್ಯಾರೆಲ್ಲಿಗೂ ಹರಳಿಗೂ ಹಾಕಿ.